ಜಪಾನಿನ ಜಿಮ್ನಿ ಕಿಟ್ ಕೊಯ್ದು ನಮ್ಮ ಜಿಪ್ಸಿ ಮಾಡಿದ್ದು

ಅಂಟಿಸಿ ಜೋಡಿಸೋ ಪ್ಲಾಸ್ಟಿಕ್ ಕಾರ್ ಕಿಟ್‌ಗಳು 1/24 ಸ್ಕೇಲಲ್ಲಿ, ಅಂದ್ರೆ ನಿಜವಾದ ಗಾಡಿಯ 24ರಲ್ಲಿ ಒಂದು ಪಾಲು ಅಳತೆಲಿ, ಸ್ಕೈಲೈನ್, ಪೋರ್ಶೆ, ಫೆರಾರಿ ಎಷ್ಟ್ ಬೇಕಾದ್ರೂ ಸಿಗುತ್ತೆ, ಒಂದು ಬೀರು ತುಂಬಿಸೋಕೆ ಜಪಾನಿನ ಕಿಟ್ ಕಂಪನಿ ಟಮಿಯಾದವ್ರು ಒಬ್ರೇ ಸಾಕು. ಆದ್ರೆ ನಾಗರಹೊಳೆ ಕಡೆ ಮೈಯೆಲ್ಲಾ ಧೂಳು ಮೆತ್ಕೊಂಡು ಓಡಾಡುತ್ತಲ್ಲ ಮಾರುತಿ ಜಿಪ್ಸಿ, ಅದರ ಪ್ಲಾಸ್ಟಿಕ್ ಕಿಟ್ ಹುಡುಕಿ ಹುಡುಕಿ ನಂಗಂತೂ ಸಿಗ್ಲಿಲ್ಲ. ಸರಿ, ಜಿಪ್ಸಿ ಅಂದ್ರೆ ಸುಜುಕಿ ಜಿಮ್ನಿಯ ಉದ್ದ ಮಾಡಿದ ರೂಪ ತಾನೆ ಅಂತ ಹಸೆಗಾವಾ ಕಂಪನಿಯ ಜಿಮ್ನಿ ಜೆಎ11 ಕಿಟ್ ತರಿಸ್ಕೊಂಡು ಅದನ್ನೇ ಕೊಯ್ಯೋಕೆ ಕೂತೆ.

ಮೊದಲು ಲೆಕ್ಕ. ಜೆಎ11 ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2030 ಮಿ.ಮೀ, ಜಿಪ್ಸಿದು 2375. ವ್ಯತ್ಯಾಸ 345, ಅದನ್ನ 24ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 14.4 ಮಿ.ಮೀ, ಅಷ್ಟು ಪ್ಲಾಸ್ಟಿಕ್ ನಡುವೆ ಸೇರಿಸ್ಬೇಕು. ಯಾವ ಜಿಪ್ಸಿ ಅನ್ನೋದನ್ನೂ ಈಗ್ಲೇ ತೀರ್ಮಾನ ಮಾಡ್ಕೊಳ್ಳಿ. ನಾನು ಆರಿಸ್ಕೊಂಡಿದ್ದು 1985ರಲ್ಲಿ ಬಂದ 970 ಸಿಸಿಯ ಮೊದಲ್ನೇದು, ಯಾಕಂದ್ರೆ 1993ರ ವೈಡ್‌ಟ್ರ್ಯಾಕ್ ಮಾಡಕ್ಕೆ ಹೋದ್ರೆ ಎಡ ಬಲ ಚಕ್ರಗಳ ನಡುವಿನ ಅಗಲ 90 ಮಿ.ಮೀ ಜಾಸ್ತಿ, ಆಕ್ಸಲ್ ಕೂಡ ಕೊಯ್ದು ಅಗಲ ಮಾಡ್ಬೇಕು, ಯಾರಿಗ್ ಬೇಕು ಅದು. ಒಂದು ಅನುಕೂಲ ಏನಪ್ಪಾ ಅಂದ್ರೆ ಜಪಾನಲ್ಲೂ ಸ್ಟೀರಿಂಗ್ ಬಲಗಡೆನೇ, ಹಾಗಾಗಿ ಡ್ಯಾಶ್‌ಬೋರ್ಡ್ ಎಡಬಲ ಮಾಡೋ ತಲೆನೋವಿಲ್ಲ.

ಮಿಕ್ಕ ಅಳತೆಗೆ ನಿಜವಾದ ಗಾಡಿನೇ ಬೇಕು. ನಮ್ಮ ರೋಡಲ್ಲಿ ಒಬ್ರು ಹಳೇ ಜಿಪ್ಸಿ ಇಟ್ಕೊಂಡಿದಾರೆ, ಅವರನ್ನ ಕೇಳಿ ಟೇಪ್ ಹಿಡ್ಕೊಂಡು ಹೋದೆ. "ಏನ್ ಸಾರ್, ಗಾಡಿಗೆ ಶರ್ಟ್ ಹೊಲಿಸ್ತೀರಾ?" ಅಂತ ನಗಾಡಿದ್ರು, ಆಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡ್ಕೊಂಡ್ರು. ಹಿಂಚಕ್ರದಿಂದ ಆಚೆಗಿನ ಭಾಗ, ಗ್ರಿಲ್, ರೋಲ್‌ಬಾರ್ ದಪ್ಪ, ಸ್ಟೆಪ್ನಿ ಎಷ್ಟು ಎತ್ತರದಲ್ಲಿ ಕೂತಿದೆ, ಎಲ್ಲಾ ಬರ್ಕೊಳ್ಳಿ, ನೇರವಾಗಿ ಎದುರಿಂದ ಫೋಟೋನೂ ತೆಗೀರಿ, ಓರೆಯಾಗಿ ತೆಗೆದ ಫೋಟೋ ಅಳತೆಗೆ ಬರಲ್ಲ.

ಕೊಯ್ಯೋ ಕ್ರಮ ಮುಖ್ಯ. ನಾನು ಮಾಡಿದ್ದು ಸಫಾರಿಗೆ ಬಿಚ್ಚಿದ ಓಪನ್ ಜಿಪ್ಸಿ, ಹಾಗಾಗಿ ಮೊದಲು ರೂಫ್ ತೆಗೆದುಬಿಟ್ಟೆ, ಗಾಳಿಗಾಜಿನ ಫ್ರೇಮ್ ಮಾತ್ರ ಉಳೀತು. ಹೀಗ್ ಮಾಡಿದ್ರೆ ರೂಫನ್ನ ಉದ್ದ ಮಾಡೋ ಕೆಲಸನೇ ಇಲ್ಲ, ಎರಡು ಸೈಡು ಮತ್ತು ನೆಲ ಅಷ್ಟೇ. ಆಮೇಲೆ ಬಾಗಿಲಿನ ಹಿಂದೆ, ಹಿಂಚಕ್ರದ ಕಮಾನು ಶುರುವಾಗೋಕೆ ಮುಂಚೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಅಂಚು ಹಿಡ್ಕೊಂಡು ರೇಜರ್ ಗರಗಸದಲ್ಲಿ ನಿಧಾನಕ್ಕೆ. ಆತುರ ಪಟ್ಟು ಒತ್ತಿದ್ರೆ ಬ್ಲೇಡ್ ವಾಲುತ್ತೆ.

ನಡುವೆ ಸೇರಿಸೋಕೆ 1 ಮಿ.ಮೀ ಪಾಲಿಸ್ಟೈರೀನ್ ಶೀಟ್. ಹಳೇ ಎಟಿಎಂ ಕಾರ್ಡ್ ಉಪಯೋಗಿಸ್ಬಹುದು ಅಂತ ಕೆಲವ್ರು ಹೇಳ್ತಾರೆ, ಬೇಡ, ಅದು ಪಿವಿಸಿ, ಕಿಟ್ ಅಂಟಿಸೋ ಮಾಡೆಲ್ ಸಿಮೆಂಟ್ ಅದನ್ನ ಸರಿಯಾಗಿ ಕರಗಿಸಿ ಹಿಡಿಯಲ್ಲ. ಪಾಲಿಸ್ಟೈರೀನ್ ಆದ್ರೆ ಎರಡು ತುಂಡು ಒತ್ತಿ ಹಿಡಿದು ಸಂದಿಗೆ ಟಮಿಯಾ ಎಕ್ಸ್‌ಟ್ರಾ ಥಿನ್ ಅನ್ನೋ ನೀರಿನಂಥ ಸಿಮೆಂಟಿನ ಬ್ರಷ್ ಮುಟ್ಟಿಸಿದ್ರೆ ಸಾಕು, ಸಂದಿ ಉದ್ದಕ್ಕೂ ತಾನೇ ಹರ್ಕೊಂಡು ಹೋಗಿ ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುತ್ತೆ. ಒಳಗಡೆಯಿಂದ ಇನ್ನೊಂದು ಪಟ್ಟಿ ಅಡ್ಡಕ್ಕೆ ಕೊಡಿ, ಇಲ್ಲಾಂದ್ರೆ ಕೈಲಿ ಹಿಡಿದಾಗೆಲ್ಲ ಜಾಯಿಂಟ್ ಬಿರುಕು ಬಿಡುತ್ತೆ. ಮತ್ತೆ ಆ ದಿನವೇ ಉಜ್ಜೋಕೆ ಹೋಗ್ಬೇಡಿ, ಒಳಗಿನ ದ್ರಾವಕ ಪೂರ್ತಿ ಆರೋಕೆ ಮುಂಚೆ ನೈಸ್ ಮಾಡಿದ್ರೆ ಪೇಂಟ್ ಹೊಡೆದಾದ್ಮೇಲೆ ಅದೇ ಗೆರೆ ತಗ್ಗಾಗಿ ಮತ್ತೆ ಕಾಣುತ್ತೆ.

ತಗ್ಗು ತುಂಬೋಕೆ ಪುಟ್ಟಿಗಿಂತ ನಂಗೆ ಸೂಪರ್‌ಗ್ಲೂ ಜೊತೆ ಮಗುಗೆ ಹಚ್ಚೋ ಪೌಡರ್ ಕಲಸಿದ್ದೇ ಇಷ್ಟ, ಕುಗ್ಗಲ್ಲ, ಬೇಗ ಗಟ್ಟಿಯಾಗುತ್ತೆ. ಆದ್ರೆ ಇದು ಮೊದಲು ಹೇಳಿದ ಸಿಮೆಂಟಿಗೆ ತದ್ವಿರುದ್ಧ, ಇವತ್ತೇ ಉಜ್ಜಿ ಮುಗಿಸ್ಬೇಕು, ಬಿಟ್ರೆ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ ಕೂತ್ಕೊಂಡು ವಾಟರ್ ಪೇಪರ್ ಅಕ್ಕಪಕ್ಕದ್ದನ್ನ ಮಾತ್ರ ತಿನ್ನುತ್ತೆ. ಬಾನೆಟ್ ಮೇಲಿರೋ ಇಂಟರ್‌ಕೂಲರ್ ಸ್ಕೂಪನ್ನೂ (ಗಾಳಿ ಒಳಗೆ ಹೋಗೋ ಉಬ್ಬು) ಇದೇ ಹೊತ್ತಲ್ಲಿ ಕೆತ್ತಿ ತೆಗೆದೆ, ಜೆಎ11ಗೆ ಟರ್ಬೋ ಇತ್ತು, ನಮ್ಮ ಜಿಪ್ಸಿಗೆ ಎಲ್ಲಿಯ ಟರ್ಬೋ.

ಕೆಳಗಡೆ ಕೆಲಸ ಸಲೀಸು. ಎರಡೂ ಗಾಡಿಗೆ ಏಣಿ ಥರದ ಲ್ಯಾಡರ್ ಫ್ರೇಮು, ನಾಲ್ಕೂ ಕಡೆ ಲೀಫ್ ಸ್ಪ್ರಿಂಗು, ಫ್ರೇಮಿನ ಎರಡು ಪಟ್ಟಿ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಉದ್ದ ಮಾಡಿದ್ರೆ ಮುಗೀತು. ಶಾಫ್ಟ್ ಒಳಗೆ ಹಿತ್ತಾಳೆ ತಂತಿ ತೂರಿಸಿ. ಅಂಟಿಸುವಾಗ ಗಾಜಿನ ತುಂಡಿನ ಮೇಲೆ ಇಟ್ಟು ನಾಲ್ಕೂ ಚಕ್ರ ನೆಲ ಮುಟ್ಟುತ್ತಾ ನೋಡಿ.

ಬಣ್ಣಕ್ಕೆ ಮುಂಚಿನ ಪ್ರೈಮರ್‌ಗೆ ಮಿಸ್ಟರ್ ಸರ್ಫೇಸರ್ 1200 ಬೂದು ಬಣ್ಣದ್ದು, ಕೊಯ್ದ ಜಾಗದ ತಪ್ಪನ್ನೆಲ್ಲ ಎತ್ತಿ ತೋರಿಸೋದೇ ಅದರ ಕೆಲಸ. ಮಳೆಗಾಲದಲ್ಲಿ ಬೇಗ ಆರೋ ಲ್ಯಾಕರ್ ಪೇಂಟ್ ಹೊಡೆಯೋರು ಹುಷಾರಾಗಿರ್ಬೇಕು, ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಲಿರೋ ತೇವ ಅಲ್ಲೇ ಕೂತು ಪೇಂಟ್ ಹಾಲಿನ ಥರ ಬಿಳಿಚಿಕೊಳ್ಳುತ್ತೆ. ಬಿಸಿಲು ಬಂದ ದಿನ ಮಧ್ಯಾಹ್ನ ಹೊಡೀರಿ, ಇಲ್ಲ ನಿಧಾನಕ್ಕೆ ಆರೋ ರಿಟಾರ್ಡರ್ ಥಿನ್ನರ್ ಸ್ವಲ್ಪ ಸೇರಿಸಿ. ಏರ್‌ಬ್ರಷ್ ಒತ್ತಡ ನಾನು 15ರಿಂದ 20 ಪಿಎಸ್‌ಐ ಒಳಗೇ ಇಟ್ಕೋತೀನಿ. ಬಣ್ಣ ಕಡು ಹಸಿರು, ಮೇಲೆ ಮ್ಯಾಟ್ ಕೋಟ್. ಕಾರ್ ಮಾಡೆಲ್ ಅಂದ್ರೆ ಕನ್ನಡಿ ಥರ ಹೊಳೀಲೇಬೇಕು ಅನ್ನೋರು ತುಂಬಾ ಜನ ಇದಾರೆ, ಫೆರಾರಿಗೆ ಸರಿ, ಕಾಡಲ್ಲಿ ದುಡಿದ ಜಿಪ್ಸಿ ಹೊಳೆದ್ರೆ ಆಟದ ಸಾಮಾನೇ.

ಧೂಳಿಗೆ ಇಂಪೋರ್ಟೆಡ್ ಪಿಗ್ಮೆಂಟ್ ಪುಡಿಯ ಪುಟ್ಟ ಡಬ್ಬಿಗೆ ನೂರಾರು ರೂಪಾಯಿ ಕೊಡೋ ಬದಲು ಗ್ರಂಥಿಗೆ ಅಂಗಡಿಲಿ ಕೆಮ್ಮಣ್ಣು ತಂದೆ, ಹಬ್ಬಕ್ಕೆ ರಂಗೋಲಿ ಅಂಚಿಗೆ ಬಳಿಯೋದು. ನೇರ ಹಾಕ್ಬೇಡಿ, 0.2 ಮಿ.ಮೀ ಕಾಳು ಅಂದ್ರೂ ಈ ಸ್ಕೇಲಲ್ಲಿ ಸುಮಾರು 5 ಮಿ.ಮೀ ಜಲ್ಲಿಕಲ್ಲು ಆಗುತ್ತೆ. ಹಳೇ ಪಂಚೆ ಬಟ್ಟೆಲಿ ಸೋಸಿ, ಮೇಲೆ ನಿಂತ ತರಿ ಬಿಸಾಕಿ, ಕೆಳಗೆ ಬಿದ್ದ ನುಣುಪು ಪುಡಿಗೆ ಬಿಳೀ ಚಾಕ್‌ಪೀಸ್ ಪುಡಿ ಬೆರೆಸಿ ಸ್ವಲ್ಪ ಪೇಲವ ಮಾಡ್ಕೊಳ್ಳಿ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಕದಡಿ ಚಕ್ರದ ಕಮಾನಿನ ಒಳಗೆ, ಟೈರ್ ಹಲ್ಲುಗಳ ಸಂದಿಗೆ, ಹಿಂದಿನ ಬಾಗಿಲ ಕೆಳಗೆ ಬಳಿದೆ, ಒದ್ದೆ ಇದ್ದಾಗ ಏನೂ ಕಾಣಲ್ಲ, ಆಲ್ಕೋಹಾಲ್ ಆರ್ತಾ ಆರ್ತಾ ಕೆಂಪು ಮೇಲಕ್ಕೆ ಬರುತ್ತೆ. ಜಾಸ್ತಿ ಆದ ಕಡೆ ಒಣ ಬ್ರಷ್ಷಲ್ಲಿ ಮೇಲಿಂದ ಕೆಳಕ್ಕೆ ಎಳೀರಿ. ಇದರ ಮೇಲೆ ಮತ್ತೆ ಕ್ಲಿಯರ್ ಕೋಟ್ ಹೊಡೀಬೇಡಿ, ಅರ್ಧ ಧೂಳು ಮಾಯ ಆಗುತ್ತೆ.

ಇನ್ನು ಅಕ್ಷರದ ವಿಷಯ. ಯಾವ ಕಿಟ್ಟಿನ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ತೆಳು ಸ್ಟಿಕ್ಕರ್) ಶೀಟಲ್ಲೂ "ಅರಣ್ಯ ಇಲಾಖೆ" ಅಂತ ಇರಲ್ವಲ್ಲ. ಹಸಿರು ಮೈ ಮೇಲೆ ಬಿಳೀ ಅಕ್ಷರ ಬರೆಸೋಣ ಅಂದ್ರೆ ಮಾಮೂಲಿ ಪ್ರಿಂಟರ್‌ಗೆ ಬಿಳೀ ಬಣ್ಣ ಹಾಕಕ್ಕೆ ಬರಲ್ಲ, ವಿನೈಲಲ್ಲಿ ಕೊಯ್ಯೋಣ ಅಂದ್ರೆ ಎರಡೂವರೆ ಮಿ.ಮೀ ಎತ್ತರದಲ್ಲಿ ಣ ಕೆಳಗಿನ ಯ ಒತ್ತು ಕಿತ್ತು ಬರುತ್ತೆ. ಹಾಗಾಗಿ ಬಿಳೀ ಹಿನ್ನೆಲೆ ಡೆಕಾಲ್ ಪೇಪರ್ ಮೇಲೆ ಕಪ್ಪಲ್ಲಿ ಲೇಸರ್ ಪ್ರಿಂಟ್ ತೆಗೆಸಿ ಗಾಳಿಗಾಜಿನ ಮೇಲಂಚಿಗೆ ಬೋರ್ಡ್ ಥರ ಅಂಟಿಸ್ದೆ. ಅಂಚು ಬಿಳಿಯಾಗಿ ಎದ್ದು ಕಾಣದ ಹಾಗೆ ಕತ್ತರಿಸಿದ ಮೇಲೆ ಹಸಿರು ತೀಡಿ, ಡೆಕಾಲೂ ಸೇರಿ ಇದೆಲ್ಲ ಧೂಳು ಹಚ್ಚೋಕೆ ಮುಂಚೆ ಮುಗಿಸ್ಕೊಳ್ಳಿ, ಧೂಳಿನ ಮೇಲೆ ಡೆಕಾಲ್ ಕೂರಲ್ಲ.