ಕೊನೆಯ ಗಾಡಿ ನೋಡಿ ಮೊದಲ ಚೀಲ ಕಟ್ಟಿದೆವು

ನೆರೆ ಪರಿಹಾರ ಅಂದರೆ ಸಾಮಾನು ಕೂಡಿಸೋದು ಅಂತ ಸುಮಾರು ಜನ ತಿಳಿದಿದ್ದಾರೆ. ನಾನು ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ದಲಾಲಿ ಅಂಗಡಿಯ ಗುಮಾಸ್ತ. ನೆರೆ ಬಂದಾಗ ಸಾಮಾನಿನ ಗೋದಾಮು ನೋಡಿಕೊಂಡವನು. ನನಗೆ ಕಂಡದ್ದು ಬೇರೆ. ಟಿವಿಯಲ್ಲಿ ಹೊಳೆ ತೋರಿಸಿದ ಮರುದಿನವೇ ಲಾರಿಗಳು ಬಂದು ನಿಲ್ಲುತ್ತವೆ. ಕಷ್ಟ ಇರೋದು ಗೋದಾಮಿನಿಂದ ಮನೆ ಬಾಗಿಲವರೆಗೆ. ಅದರಲ್ಲೂ ಕೊನೆಯ ಎರಡು ಮೂರು ಕಿಲೋಮೀಟರಿನಲ್ಲಿ.

ನಮ್ಮ ಜಿಲ್ಲೆಗೆ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ಎಲ್ಲ ನೆರೆಯೂ ಒಂದೇ ಥರ ಇರೋದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಮಳೆ ಇಲ್ಲೇ ಸುರಿಯಿತು. ಮಣ್ಣಿನ ಮನೆಗಳು ಕುಸಿದವು, ರಸ್ತೆ ಕಿತ್ತು ಹೋದವು, ಹೊಳೆಯಾಚೆ ಮಂತ್ರಾಲಯಕ್ಕೂ ನೀರು ನುಗ್ಗಿತು. 2019ರ ಆಗಸ್ಟ್‌ನಲ್ಲಿ ಜೋರು ಮಳೆ ಬಿದ್ದದ್ದು ಮಹಾರಾಷ್ಟ್ರದ ಘಟ್ಟದಲ್ಲಿ, ನೆರೆ ಬಂದದ್ದು ನಮಗೆ. ನಾರಾಯಣಪುರ ಜಲಾಶಯದಿಂದ 6 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಟ್ಟರು. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ, ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಎರಡೂ ಮುಳುಗಿದವು.

ಸಾಗಾಟದವನಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ಇಲ್ಲೇ ಮಳೆ ಸುರಿದರೆ ಗೋದಾಮೂ ಒದ್ದೆ, ಹಮಾಲರ ಮನೆಯೂ ಒದ್ದೆ, ದಾರಿ ಹತ್ತು ಕಡೆ ಕಡಿದಿರುತ್ತದೆ. ಮೇಲಿನಿಂದ ಹೊಳೆ ತುಂಬಿ ಬಂದರೆ ಹೆದ್ದಾರಿ ಒಣಗಿಯೇ ಇರುತ್ತದೆ, ದಾರಿ ಕಡಿಯೋದು ಸೇತುವೆ ಹತ್ತಿರ ಮಾತ್ರ. ಜೊತೆಗೆ, ನಾರಾಯಣಪುರಕ್ಕಿಂತ ಮೇಲಿರುವ ಆಲಮಟ್ಟಿ ಜಲಾಶಯದಿಂದ ಎಷ್ಟು ನೀರು ಬಿಡ್ತಾರೆ ಅಂತ ಮೊದಲೇ ಗೊತ್ತಾದರೆ ಕೈಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಹೊತ್ತಿನಲ್ಲೇ ನಾವು ಚೀಲ ಕಟ್ಟಿದೆವು.

ಕಟ್ಟುವ ಮೊದಲು ಫೋನ್ ಹಚ್ಚಿ ಕೇಳಿದ್ದು ಒಂದೇ ಮಾತು: ಕೊನೆಗೆ ಸಾಮಾನು ಯಾವುದರಲ್ಲಿ ಬರಬೇಕು? ಲಾರಿಯೋ, ಟ್ರ್ಯಾಕ್ಟರೋ, ತೆಪ್ಪವೋ, ತಲೆಮೇಲೋ? ನಮ್ಮ ಗಂಜ್‌ಗೆ ಭತ್ತ ಬರೋದು 75 ಕಿಲೋ ಚೀಲದಲ್ಲಿ, ಅಕ್ಕಿ 25 ಕಿಲೋ ಚೀಲದಲ್ಲಿ. ದಾನ ಕೊಟ್ಟವರೂ ಆ ಅಕ್ಕಿಚೀಲವನ್ನೇ ಕಳಿಸಿದ್ದರು. ಹಾಗೇ ಟ್ರ್ಯಾಕ್ಟರಿಗೆ ಹಾಕಲು ಹೊರಟಾಗ ಹಿರಿಯ ಹಮಾಲರೊಬ್ಬರು ತಡೆದರು. “ತಮ್ಮಾ, ಟ್ರ್ಯಾಕ್ಟರ್ ನಿಂತ ಮ್ಯಾಲೆ ಇದನ್ನ ಹೊರೋರು ಯಾರು? ಅಲ್ಲಿ ಮುದುಕರು, ಹೆಣ್ಮಕ್ಕಳು ಅದಾರ. ನಮ್ಮಂಗ ಹಮಾಲರು ಅದಾರೇನು?” ಅಂದರು. ಅವರ ಮಾತಿನಂತೆ ಎಲ್ಲ ಬಿಚ್ಚಿ 10 ಕಿಲೋ ಚೀಲ ಮಾಡಿದೆವು. ಐದು ಜನರ ಮನೆಗೆ ಅದು ಹೆಚ್ಚುಕಮ್ಮಿ ಒಂದು ವಾರದ ಅಕ್ಕಿ. ಬೇಳೆ, ಎಣ್ಣೆ, ಉಪ್ಪು, ಖಾರದ ಪುಡಿ, ಸಾಬೂನು, ಮೇಣದಬತ್ತಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ ಎಲ್ಲ ಮುಚ್ಚಳ ಇರುವ ಬಕೆಟ್ ಒಳಗೆ. ಚೀಲ ತಲೆಮೇಲೆ, ಬಕೆಟ್ ಕೈಯಲ್ಲಿ. ಸಾಮಾನು ತೆಗೆದ ಮೇಲೆ ಆ ಬಕೆಟ್ಟೇ ಕುಡಿಯೋ ನೀರಿಗೆ ಆಗುತ್ತದೆ.

ರೊಟ್ಟಿಯ ಕೆಲಸಕ್ಕೆ ಇಷ್ಟೊಂದು ಕಣ್ಣು ಬೇಕು ಅಂತ ಹೊರಗಿನವರಿಗೆ ಅನ್ನಿಸೋದಿಲ್ಲ. ಹಳ್ಳಿಹಳ್ಳಿಯ ಹೆಣ್ಮಕ್ಕಳು ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಕಳಿಸಿದ್ದರು. ಒಲೆ, ಕಟ್ಟಿಗೆ ಎಲ್ಲ ತೊಯ್ದವರಿಗೆ ಮೊದಲ ಎರಡು ದಿನ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಆದರೆ ರೊಟ್ಟಿ ಬಂದ ಕೂಡಲೇ ಮುಟ್ಟಿ ನೋಡಬೇಕು. ಮೆತ್ತಗಿದ್ದರೆ ಅವತ್ತೇ ಹತ್ತಿರದ ಗಂಜಿ ಕೇಂದ್ರಕ್ಕೆ ಕಳಿಸಬೇಕು. ಲಟಕ್ ಅಂತ ಮುರಿದರೆ ಅದು ಖಡಕ್, ವಾರಗಟ್ಟಲೆ ಇಡಬಹುದು. ಬಿಸಿ ಆರದ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಒಂದಕ್ಕೆ ಹಿಡಿದರೆ ಇಡೀ ಗಂಟು ಹೋಯಿತು. ನಾವು ಹಳೇ ಸೀರೆ ಹಾಸಿ ಫ್ಯಾನ್ ಕೆಳಗೆ ಆರಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಜೋಡಿಸಿ, ಲಾರಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆವು. ಅಷ್ಟು ಕೈಗಳು ಬಡಿದ ರೊಟ್ಟಿ ಪುಡಿಯಾಗಿ ಮುಟ್ಟಬಾರದು ಅಲ್ವಾ?

ನೀರಿನ ಲೆಕ್ಕ ಬೇರೆ. ತುರ್ತು ಪರಿಹಾರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅನ್ನೋದು ಜಗತ್ತಿನ ಎಲ್ಲ ಕಡೆ ಹಿಡಿಯುವ ಅಳತೆ. ಕುಡಿಯೋದು, ಅಡುಗೆ, ತೊಳೆಯೋದು ಎಲ್ಲ ಸೇರಿ. 500 ಜನರ ಊರಿಗೆ ಅಂದರೆ ದಿನಕ್ಕೆ 7,500 ಲೀಟರ್. ಬಾಟಲಿಯಲ್ಲಿ ಒಯ್ದರೆ ದೊಡ್ಡ ಲಾರಿ ಒಂದೇ ದಿನಕ್ಕೆ ಖಾಲಿ, ಊರಲ್ಲಿ ಪ್ಲಾಸ್ಟಿಕ್ ರಾಶಿ. ಟ್ರ್ಯಾಕ್ಟರ್ ಟ್ಯಾಂಕರ್ ಎರಡು ಸಲ ಹೋದರೆ ಅದೇ ಕೆಲಸ ಆಗುತ್ತದೆ. ಹಾಗಾಗಿ ಬಾಟಲಿಗಳನ್ನು ತೆಪ್ಪ, ದೋಣಿ ಮಾತ್ರ ಹೋಗುವ ಜಾಗಕ್ಕೆ ಎತ್ತಿಟ್ಟೆವು. ಉಳಿದ ಕಡೆ ಟ್ಯಾಂಕರ್ ಮತ್ತು ಕ್ಲೋರಿನ್ ಮಾತ್ರೆ. ಮಾತ್ರೆಯನ್ನೂ ಬ್ಲೀಚಿಂಗ್ ಪೌಡರನ್ನೂ ಆಹಾರದ ಪಕ್ಕ ಇಡಲೇಬಾರದು, ಬೇರೆ ಕೋಣೆ ಬೇಕು.

ಮೇವು ಮರೆತರೆ ಜನ ಊರು ಬಿಟ್ಟು ಬರೋದಿಲ್ಲ. ಎತ್ತು, ಎಮ್ಮೆ ಬಿಟ್ಟು ಯಾರು ಬರ್ತಾರೆ? ಸಿಂಧನೂರು ಕಡೆಯಿಂದ ಭತ್ತದ ಹುಲ್ಲು ತರಿಸಿದೆವು. ತೂಕ ಕಡಿಮೆ, ಜಾಗ ಜಾಸ್ತಿ. ಒಂದು ಗಾಡಿ ತುಂಬಿದರೂ ದನ ತಿಂದು ಮುಗಿಸೋಕೆ ಹೊತ್ತು ಬೇಕಿಲ್ಲ. ತಾಡಪತ್ರಿ ಹೊದಿಸದೆ ತಂದ ಹುಲ್ಲು ದಾರಿಯಲ್ಲಿ ನೆನೆದರೆ ಒಳಗೆ ಕಾವು ಏರಿ ಕೊಳೆಯುತ್ತದೆ.

ಹಳೇ ಬಟ್ಟೆ ಬಗ್ಗೆ ನೇರವಾಗಿ ಹೇಳ್ತೀನಿ. ಯಾರೂ ಕೇಳದಿದ್ದರೆ ಕಳಿಸಬೇಡಿ. ಅದನ್ನು ಬಿಚ್ಚಿ ಆರಿಸೋ ಕೈಗಳು ಆ ಹೊತ್ತಿಗೆ ಅಕ್ಕಿ ಕಟ್ಟುತ್ತಿರಬೇಕು. ಹರಿದ ಅಂಗಿ ನೋಡಿ ಮನೆ ಕಳೆದುಕೊಂಡವರಿಗೆ ಎಷ್ಟು ನೋವಾಗುತ್ತದೆ ಅಂತಲೂ ಯೋಚಿಸಿ. ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಚಾದರ ಕೊಟ್ಟರೆ ಒಂದೂ ಉಳಿಯೋದಿಲ್ಲ. ಯಾರಿಗೆ ಏನು ಬೇಕು ಅನ್ನೋದು ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಬಸುರಿ ಯಾರು, ಬಾಣಂತಿ ಯಾರು, ಬಿಪಿ-ಶುಗರ್ ಮಾತ್ರೆ ಯಾರಿಗೆ ಮುಗಿದಿದೆ ಎಲ್ಲ ಅವರ ಬಾಯಲ್ಲೇ ಇರುತ್ತದೆ. ನಮ್ಮ ಪಟ್ಟಿ ಅವರಿಂದಲೇ ಬಂತು.

ಲೆಕ್ಕಕ್ಕೆ ಗಂಜ್‌ನ ಪದ್ಧತಿಯೇ ಸಾಕಾಯಿತು. ಪ್ರತಿ ಲೋಡಿಗೆ ಮೂರು ಚೀಟಿ. ಒಂದು ಗೋದಾಮಿನಲ್ಲಿ, ಒಂದು ಇಳಿಸಿಕೊಂಡವರ ಹತ್ತಿರ, ಇನ್ನೊಂದು ಅವರ ಸಹಿಯೊಂದಿಗೆ ಡ್ರೈವರ್ ಕೈಯಲ್ಲಿ ವಾಪಸ್. ಸಹಿ ಬರೋವರೆಗೆ ಆ ಲೋಡ್ ಮುಟ್ಟಿತು ಅಂತ ನಾನು ಬರೆಯೋದಿಲ್ಲ. ಬೇಗ ಕೆಡೋದನ್ನು ಬಾಗಿಲ ಹತ್ತಿರ ಜೋಡಿಸುತ್ತೇವೆ, ಯಾವಾಗ ಬಂದಿದ್ದರೂ ಸರಿ.

ಈಗ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಂದು ಕೆಲಸ ತಪ್ಪಿಸೋದಿಲ್ಲ. ಹೊಳೆದಂಡೆಯ ಊರುಗಳ ಟ್ರ್ಯಾಕ್ಟರ್‌ನವರು, ತೆಪ್ಪದವರು, ಆಶಾ ಕಾರ್ಯಕರ್ತೆಯರು, ಎಲ್ಲರಿಗೂ ಫೋನ್ ಮಾಡಿ ನಂಬರ್ ಪಟ್ಟಿ ತಿದ್ದುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದ ಸುದ್ದಿ ಬಂದಾಗ ಆ ಪಟ್ಟಿ ಮೇಜಿನ ಮೇಲೇ ಇತ್ತು. ಮಾನ್ವಿ, ಸಿಂಧನೂರು ಕಡೆಯ ನಂಬರುಗಳಿಂದ ಶುರು ಮಾಡಿದೆ. ಫೋನ್ ಎತ್ತಿದವರಿಗೆ ಹೇಳಿದ್ದು ಇಷ್ಟೇ: ದನ ಬಿಚ್ಚಿಕೊಳ್ಳಿ, ಪಂಪ್‌ಸೆಟ್ ಮೇಲೆ ತನ್ನಿ, ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸಿ ಇಡಿ.