ಮೊಡವೆ ಔಷಧಿಯ ಜೊತೆ ಬಂದ ಉರಿ, ಸಿಪ್ಪೆ, ಒಡೆದ ತುಟಿ

ಅಡಾಪಲೀನ್ ಜೆಲ್ ಹಚ್ಚಲು ಶುರು ಮಾಡಿದ ಮೊದಲ ವಾರಗಳಲ್ಲಿ ಮೊಡವೆ ಇನ್ನೂ ಜಾಸ್ತಿ ಕಾಣಿಸಬಹುದು ಅಂತ ಚರ್ಮದ ಡಾಕ್ಟರ್ ಮೊದಲೇ ಹೇಳಿದ್ದರು. ಹೇಳದೇ ಇದ್ದಿದ್ದರೆ ಟ್ಯೂಬ್ ಕಸದ ಬುಟ್ಟಿ ಸೇರುತ್ತಿತ್ತು. ಮುಖ ಕೆಂಪಗಾಯಿತು, ಮೂಗಿನ ಪಕ್ಕ ಸಿಪ್ಪೆ ಎದ್ದಿತು, ಸಾದಾ ನೀರು ಬಿದ್ದರೂ ಚುರುಚುರು. ಅದಕ್ಕೆ ದಿನ ಬಿಟ್ಟು ದಿನ ಹಚ್ಚಿದೆ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಮೊದಲು ಮಾಯಿಶ್ಚರೈಸರ್, ಆಮೇಲೆ ಇಡೀ ಮುಖಕ್ಕೆ ಸೇರಿ ಬಟಾಣಿ ಕಾಳಿನಷ್ಟೇ ಜೆಲ್. ಕಣ್ಣಿನ ಸುತ್ತ, ತುಟಿಯ ಅಂಚಿಗೆ ಬೇಡವೇ ಬೇಡ. ಬೆಳಿಗ್ಗೆ ಸನ್‌ಸ್ಕ್ರೀನ್ ಬಿಡಲಿಲ್ಲ. ನಿಧಾನಕ್ಕೆ ಚರ್ಮ ಒಗ್ಗಿಕೊಂಡಿತು.

ಮೊಡವೆಗೆ ಹಚ್ಚುವ ಇನ್ನೊಂದು ಔಷಧಿ ಬೆಂಜಾಯಿಲ್ ಪೆರಾಕ್ಸೈಡ್ 2.5% ನನಗೆ ಅಷ್ಟೇನೂ ಉರಿಸಲಿಲ್ಲ. ಜಾಸ್ತಿ ಪವರ್ ಇದ್ದರೆ ಬೇಗ ವಾಸಿ ಅಂದುಕೊಂಡು ಕೆಲವರು 10% ತರುತ್ತಾರೆ, ಅದರಲ್ಲಿ ಜಾಸ್ತಿ ಆಗೋದು ಮುಖ್ಯವಾಗಿ ಉರಿಯೇ. ಆದರೆ ಇದು ಬಟ್ಟೆಯ ಬಣ್ಣ ತಿನ್ನುತ್ತದೆ! ದಿಂಬಿನ ಕವರು, ಟವೆಲು ಎರಡೂ ಬಿಳಿಯದ್ದೇ ಇಟ್ಟುಕೊಂಡೆ.

ಮೊಡವೆಗೆ ಕೊಟ್ಟ ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸುಮ್ನೆ ಒಂದು ಗುಟುಕು ನೀರಲ್ಲಿ ನುಂಗಿ ಮಲಗಬಾರದು, ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣಾಗಬಹುದು. ತುಂಬಿದ ಲೋಟ ನೀರು ಕುಡಿದು ಅರ್ಧ ಗಂಟೆಯಾದರೂ ನೆಟ್ಟಗೆ ಕೂರುತ್ತಿದ್ದೆ. ಬಿಸಿಲಿಗೂ ಚರ್ಮ ಬೇಗ ಸುಡುತ್ತದೆ.

ಆಮೇಲೆ ಐಸೊಟ್ರೆಟಿನಾಯಿನ್, ಜೋರು ಮೊಡವೆಗೆ ಕೊಡುವ ಮಾತ್ರೆ. ಇದಕ್ಕೆ ಮುಂಚೆ ಡಾಕ್ಸಿ ನಿಲ್ಲಿಸಿದರು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ತಲೆಬುರುಡೆಯೊಳಗೆ ಒತ್ತಡ ಏರುವ ಅಪಾಯವಿದೆ. ಜೋರು ತಲೆನೋವು ಬಂದು ಕಣ್ಣು ಮಂಜಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಲಿವರ್ ಮತ್ತು ಕೊಬ್ಬಿನ ರಕ್ತಪರೀಕ್ಷೆ ಮಾಡಿಸಿದೆ. ಹೆಣ್ಣುಮಕ್ಕಳು ಇದನ್ನಂತೂ ಸಲೀಸಾಗಿ ತೆಗೆದುಕೊಳ್ಳಬೇಡಿ: ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಅಂಗದೋಷ ಬರಬಹುದು, ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವವರೆಗೂ ಗರ್ಭ ನಿಲ್ಲಬಾರದು. ಮನಸ್ಸು ಕುಗ್ಗಿದ ಹಾಗೆ ಅನಿಸಿದರೂ ಡಾಕ್ಟರ್‌ಗೆ ಹೇಳಿ. ನನ್ನನ್ನು ಕಾಡಿದ್ದು ಒಣಗಿ ಒಡೆದ ತುಟಿ. ಉಪ್ಪಿನಕಾಯಿ ಮುಟ್ಟುವ ಹಾಗಿರಲಿಲ್ಲ ಮಾರಾಯ್ರೆ! ಜೇಬಿನಲ್ಲಿ ಸದಾ ಪೆಟ್ರೋಲಿಯಂ ಜೆಲ್ಲಿ, ಮೂಗು ಒಣಗಿ ರಕ್ತ ಬಂದಾಗ ಅದಕ್ಕೂ ಅದೇ. ವ್ಯಾಕ್ಸಿಂಗ್ ಮಾಡಿಸಲಿಲ್ಲ, ಚರ್ಮವೇ ಕಿತ್ತು ಬರುತ್ತದೆ.

ಇದೆಲ್ಲ ನಡೆಯುವಾಗ ನಮ್ಮತ್ತೆ ಮೆಡಿಕಲ್ ಶಾಪಿನಿಂದ ಒಂದು ಕ್ರೀಮ್ ತಂದುಕೊಟ್ಟರು, ಬೆಳ್ಳಗೂ ಆಗ್ತೀಯ ಅಂದರು. ಟ್ಯೂಬ್ ತಿರುಗಿಸಿ ನೋಡಿದರೆ ಬೀಟಾಮೆಥಾಸೋನ್, ಅಂದರೆ ಸ್ಟೀರಾಯ್ಡ್. ಹಚ್ಚಿದಾಗ ಮುಖ ನಯವಾಗಿ ಕಾಣುತ್ತದೆ, ಹಚ್ಚುತ್ತಲೇ ಹೋದರೆ ಚರ್ಮ ತೆಳ್ಳಗಾಗಿ ಸ್ಟೀರಾಯ್ಡಿನದೇ ಮೊಡವೆ ಏಳುತ್ತದೆ. ಅತ್ತೆಗೂ ತೋರಿಸಿ ಹೇಳಿದೆ, ಅವರೂ ಹಚ್ಚುವುದನ್ನು ಬಿಟ್ಟರು.