ಕತ್ತರಿ ಹಿಡಿದಾಗ ಕತ್ತರಿಯ ಮೇಲೇ ಗಮನ

ದಾವಣಗೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಸುತ್ತಮುತ್ತ ಆಸ್ಪತ್ರೆಗಳೇ. ಸಂಜೆ ಓಪಿಡಿ ಶುರುವಾದರೆ ಒಂದೇ ಸಲ ನಾಲ್ಕು ಚೀಟಿ ಕೌಂಟರಿಗೆ ಬರುತ್ತವೆ. ಒಬ್ಬರಿಗೆ ಬಿಲ್ ಬೇಕು, ಇನ್ನೊಬ್ಬರಿಗೆ ಚಿಲ್ಲರೆ, ಪಕ್ಕದಲ್ಲಿ ಫೋನ್ ಬಡ್ಕೊಳ್ತಿರುತ್ತೆ. "ಈ ಕ್ಷಣದಲ್ಲಿ ಇರಿ" ಎಂದು ಹೇಳುವವರು ಒಂದು ಸಂಜೆ ಇಲ್ಲಿ ಬಂದು ನಿಲ್ಲಲಿ ಅನ್ನಿಸುತ್ತಿತ್ತು.

ಬೆಳಗ್ಗೆ ಧ್ಯಾನಕ್ಕೆಂದು ಕಣ್ಣು ಮುಚ್ಚಿ ಕೂರುವುದು ನನಗೆ ಒಗ್ಗಲಿಲ್ಲ. ಕೂತರೆ ಸ್ಟಾಕ್ ಲೆಕ್ಕವೇ ಓಡುತ್ತದೆ. ಹಾಗಾಗಿ ಅದಕ್ಕೆಂದು ಬೇರೆ ಟೈಮ್ ಹುಡುಕೋದು ಬಿಟ್ಟೆ. ಹೇಗೂ ಮಾಡಲೇಬೇಕಾದ ಕೆಲಸಕ್ಕೇ ಗಮನವನ್ನು ಕಟ್ಟಿಹಾಕಿದೆ.

ಮೊದಲು ಕತ್ತರಿ. ಹತ್ತರ ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಕೇಳುವವರೇ ಜಾಸ್ತಿ. ಕತ್ತರಿ ಕೈಗೆ ಬಂದರೆ ನನಗೆ ಬೇರೆ ಮಾತಿಲ್ಲ. ಸ್ಟ್ರಿಪ್ ತಿರುಗಿಸಿ ಎಕ್ಸ್‌ಪೈರಿ ಎಲ್ಲಿ ಅಚ್ಚಾಗಿದೆ ನೋಡುತ್ತೇನೆ. ಆ ತುದಿ ಉಳಿಯುವಂತೆ ಇನ್ನೊಂದು ಕಡೆಯಿಂದ ಕತ್ತರಿಸುತ್ತೇನೆ. ಬೆರಳಿಗೆ ಫಾಯಿಲ್‌ನ ಸಣ್ಣ ಬಿಗಿ, ಕಿವಿಗೆ ಕರಕ್ ಅನ್ನುವ ಸದ್ದು. ಅಷ್ಟೇ. ಆಮೇಲೆ ತಲೆ ಎತ್ತಿ, ಎದುರಿಗಿರುವವರ ಮುಖ ನೋಡಿ ಮಾತ್ರೆ ಕೊಡುತ್ತೇನೆ.

ಈ ಮುಖ ನೋಡುವುದರಿಂದಲೇ ಜಾಸ್ತಿ ಲಾಭವಾಗಿದ್ದು. ಹರಪನಹಳ್ಳಿ ಕಡೆಯ ಒಬ್ಬ ಅಜ್ಜಿಗೆ ಥೈರಾಯ್ಡ್ ಮಾತ್ರೆಯೂ ಇತ್ತು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ನೂ ಇತ್ತು. ಮೊದಲನೆಯದು ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ, ಎರಡನೆಯದು ಊಟದ ಜೊತೆ. "ಗೊತ್ತಾತು ಬಿಡಪ್ಪ" ಅಂದರು. ಮುಖ ಮಾತ್ರ ಗೊತ್ತಾಗಿಲ್ಲ ಅನ್ನುತ್ತಿತ್ತು. "ಅಜ್ಜಿ, ಈಗ ನೀವೇ ಹೇಳ್ರಿ ನೋಡಾಣ" ಅಂದೆ. ಪೂರ್ತಿ ಉಲ್ಟಾ ಹೇಳಿದರು! ಕವರಿನ ಮೇಲೆ ಒಂದಕ್ಕೆ ಸೂರ್ಯ, ಇನ್ನೊಂದಕ್ಕೆ ತಟ್ಟೆ ಬರೆದು ಕೊಟ್ಟೆ. ಹಿಂದಿದ್ದವರು ಗೊಣಗಿದರು, ಗೊಣಗಲಿ.

ಎರಡನೆಯದು ಫೋನ್. ವಿಯೆಟ್ನಾಂನ ಬೌದ್ಧ ಭಿಕ್ಷು ಥಿಚ್ ನಾಟ್ ಹಾನ್ (1926–2022) ಫೋನ್ ಸದ್ದನ್ನೇ ದೇವಸ್ಥಾನದ ಗಂಟೆ ಅಂದುಕೊಳ್ಳಿ, ಎರಡು ಮೂರು ಸಲ ಬಾರಿಸಲಿ, ಅಷ್ಟರಲ್ಲಿ ಉಸಿರಾಡಿ ಅನ್ನುತ್ತಿದ್ದರು. ನಮ್ಮ ಅಂಗಡಿಯ ಹುಡುಗನಿಗೆ ಇದು ತಡೆಯೋಕಾಗಲ್ಲ. "ಅಣ್ಣಾ, ಏಜೆನ್ಸಿಯವ್ರು, ಎತ್ರೀ!" ಅಂತಾನೆ. ಮೂರನೇ ರಿಂಗಿಗೆ ಎತ್ತುತ್ತೇನೆ, ದನಿ ತಾನಾಗಿ ಮೆತ್ತಗಿರುತ್ತದೆ. ಹೀಗೆ ಗಂಟೆ ಬಾರಿಸಿ ನೆನಪಿಸೋಕೇ ಅಂತ ದುಡ್ಡು ತಗೊಳ್ಳೋ ಆ್ಯಪ್‌ಗಳೂ ಇವೆಯಂತೆ. ದಿನವಿಡೀ ಫೋನ್ ಹೊಡ್ಕೊಳ್ಳೋವಾಗ ಇನ್ನೊಂದು ಗಂಟೆ ಯಾಕೆ?

ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ರೋಗಿಗಳಿಗಾಗಿ ಹೀಗೆ ಗಮನವಿಡುವುದನ್ನು ಕಲಿಸುವ ಎಂಟು ವಾರಗಳ ತರಬೇತಿ ಶುರು ಮಾಡಿದರು. ಅದರಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನಿಸುತ್ತಾರೆ. ನಮ್ಮೂರಲ್ಲಿ ಒಣದ್ರಾಕ್ಷಿ ಯಾಕೆ, ಮಂಡಕ್ಕಿ ಇದೆಯಲ್ಲ! ಸಂಜೆಯ ಖಾರ ಮಂಡಕ್ಕಿಯಲ್ಲಿ ಮೊದಲು ಒಂದೇ ಒಂದು ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತೇನೆ. ನಾಲಿಗೆ ಮೇಲೆ ಅದು ಕ್ಷಣ ಹೊತ್ತು ಗಟ್ಟಿಯಾಗಿದ್ದು ಕರಗುತ್ತದೆ, ಆಮೇಲೆ ಉಪ್ಪು ತಿಳಿಯುತ್ತದೆ. ಉಳಿದಿದ್ದನ್ನು ಮಿರ್ಚಿ ಜೊತೆ ಎಲ್ಲರ ಹಾಗೆ ಗಬಗಬ ತಿನ್ನುತ್ತೇನೆ.

ಒಂದು ಮಾತು. ಉಸಿರನ್ನೇ ಗಮನಿಸುತ್ತಾ ಹೋದರೆ ಕೆಲವರಿಗೆ ಗಾಬರಿ ಜಾಸ್ತಿಯಾಗುತ್ತದೆ. ನನಗೂ ಹಾಗೇ. ಆಗ ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸುತ್ತೇನೆ, ಇಲ್ಲಾ ರಸ್ತೆ ಸದ್ದು ಕೇಳುತ್ತೇನೆ. ಕೌಂಟರ್ ಹಿಂದೆ ನಿಂತವನ ಪಾದ ಏನು ಮಾಡುತ್ತಿದೆ ಎಂದು ಯಾರಿಗೂ ಗೊತ್ತಾಗಲ್ಲ, ಅಲ್ವಾ?

ಮನೆಯಲ್ಲಿ ಮಗಳು ಪರೀಕ್ಷೆ ಇಟ್ಟಿದ್ದಾಳೆ. ಸ್ಕೂಲಿನ ಕತೆ ಹೇಳುತ್ತಾ ಮಧ್ಯದಲ್ಲಿ ನಿಲ್ಲಿಸಿ, "ಅಪ್ಪಾಜಿ, ನಾನೀಗ ಏನಂದೆ?" ಅಂತಾಳೆ. ಫೋನ್ ಬೇರೆ ರೂಮಿನಲ್ಲಿದ್ದ ದಿನ ಪಾಸು.

ತಿಂಗಳ 20 ಹತ್ತಿರ ಬಂದು ಜಿಎಸ್‌ಟಿ ರಿಟರ್ನ್ ತುಂಬುವಾಗ ಇದ್ಯಾವುದೂ ನಡೆಯಲ್ಲ. ಅವತ್ತು ಕೌಂಟರ್ ತಮ್ಮನಿಗೆ, ಅವನೂ ಫಾರ್ಮಸಿಸ್ಟೇ. ನಾನು ಒಳಗೆ ಬಿಲ್ಲುಗಳ ಜೊತೆ ಕೂರುತ್ತೇನೆ. ಎರಡನ್ನೂ ಒಟ್ಟಿಗೆ ಮಾಡಲು ಹೋಗುವುದಿಲ್ಲ.